ನಾಯಿ ಜೊತೆ ತೀರ್ಥಹಳ್ಳಿಗೆ: ಅಡ್ವಾನ್ಸ್ ಕಳಿಸುವ ಮುಂಚೆ ಇದನ್ನು ಕೇಳಿ

"ನಾಯಿ ತರಬಹುದಾ?" ಎಂದು ಫೋನಿನಲ್ಲಿ ಕೇಳಿದ್ದೆ. "ಧಾರಾಳವಾಗಿ ತನ್ನಿ ಸಾರ್" ಅಂದಿದ್ದರು. ಕೇಳಬೇಕಿದ್ದದ್ದು ಅದಲ್ಲ, ರಾತ್ರಿ ಅದು ಎಲ್ಲಿ ಮಲಗಬೇಕು ಅಂತ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗಿದ್ದ ಆ ಹೋಮ್‌ಸ್ಟೇಗೆ ಹೋದ ಮೇಲೆ ಗೊತ್ತಾಯಿತು, ನಾಯಿಗೆ ಬೇರೆ 800 ರೂಪಾಯಿ, ಆ 800ಕ್ಕೆ ಸಿಗುವುದು ಕೊಟ್ಟಿಗೆ ಪಕ್ಕದ ಒಂದು ಕಂಬ. ರೂಮಿನೊಳಗೆ ಬಿಡುವ ಹಾಗಿಲ್ಲ.

ನಮ್ಮ ಚಿನ್ನಿ ಬೆಂಗಳೂರಿನ ಬೀದಿಯಲ್ಲಿ ಹುಟ್ಟಿದವಳು. ಲಾರಿ ಹಾರನ್ ಹೊಡೆದರೂ ಕಿವಿ ಅಲ್ಲಾಡಿಸುವುದಿಲ್ಲ. ಇಲ್ಲಿ ಕತ್ತಲಾದದ್ದೇ ತಡ, ಕಪ್ಪೆ, ಜೀರುಂಡೆ, ತೋಟದಲ್ಲಿ ಅಡಿಕೆ ಸೋಗೆ ಧೊಪ್ಪೆಂದು ಬೀಳುವ ಸದ್ದು, ಎಲ್ಲದಕ್ಕೂ ಬೊಗಳಿದಳು. ನಮಗೆ ಕೇಳುವುದು 20 ಸಾವಿರ ಹರ್ಟ್ಸ್‌ವರೆಗೆ, ನಾಯಿಗೆ 40 ಸಾವಿರ ದಾಟಿದರೂ ಕೇಳುತ್ತದೆ. ನಾವು "ಆಹಾ ಎಂಥ ನಿಶ್ಶಬ್ದ" ಅನ್ನುವ ಜಾಗ ಅದಕ್ಕೆ ಸಂತೆ. ನಾನು ಎರಡು ಸಲ ಎದ್ದು ಹೋಗಿ ಗದರಿದೆ, ಅದು ದೊಡ್ಡ ತಪ್ಪು. ನಾವು ಕೂಗಿದರೆ ನಾವೂ ಜೊತೆಗೆ ಬೊಗಳುತ್ತಿದ್ದೇವೆ ಅಂದುಕೊಳ್ಳುತ್ತದೆ, ಇನ್ನೂ ಜಾಸ್ತಿ ಮಾಡುತ್ತದೆ.

ರಾತ್ರಿ ಎರಡು ಗಂಟೆಗೆ ಮನೆಯವರು ಎದ್ದು ಬಂದು, "ಚಿರತೆ ಬಂದಿರ್ಬೇಕು ಸಾರ್, ಆಗಾಗ ಬರ್ತದೆ" ಎಂದು ತಣ್ಣಗೆ ಹೇಳಿದರು. ಮಲೆನಾಡಿನಲ್ಲಿ ಚಿರತೆ ಅಂಗಳದ ನಾಯಿಯನ್ನು ಹೊತ್ತುಕೊಂಡು ಹೋಗುವುದು ಹೊಸದೇನಲ್ಲ, ಆದರೆ ಅದನ್ನು ಕಟ್ಟಿ ಹಾಕುವ ಮುಂಚೆ ಹೇಳಬೇಕು, ಅಲ್ವಾ? ಕಿಟಕಿ ಎರಡು ಬೆರಳು ಇಳಿಸಿ ಕಾರಿನಲ್ಲೇ ನಾನೂ ಅವಳೂ ಮಲಗಿದೆವು. ಬೆಳಗಿನವರೆಗೆ ಒಂದು ಸದ್ದಿಲ್ಲ.

ತಮಾಷೆ ಅಂದ್ರೆ, ಬರುವಾಗ ಅದೇ ಕಾರಿನಲ್ಲಿ ಅರಸೀಕೆರೆಯಿಂದ ತರೀಕೆರೆವರೆಗೂ ಕುಂಯ್ ಕುಂಯ್ ನಿಲ್ಲಿಸಿರಲಿಲ್ಲ. ಹಟ ಅಂದುಕೊಂಡೆವು. ಜೊಲ್ಲು ಸುರಿಸುತ್ತಿದ್ದಳು, ಬಾಯಿ ನೆಕ್ಕಿಕೊಳ್ಳುತ್ತಿದ್ದಳು, ಸುಮ್‌ಸುಮ್ನೆ ಆಕಳಿಸುತ್ತಿದ್ದಳು. ಇದೆಲ್ಲ ಹೊಟ್ಟೆ ತೊಳೆಸುವ ಲಕ್ಷಣ. ಭದ್ರಾವತಿ ದಾಟುತ್ತಲೇ ಸೀಟಿನ ಮೇಲೆ ವಾಂತಿ. ಹೊರಡುವಾಗ ಹೊಟ್ಟೆ ಬಿರಿಯುವಷ್ಟು ಅನ್ನ ಹಾಕಿದವರು ನಾವೇ.

ಈಗ ಹೋಟೆಲಿನ ವಿಷಯ. ಮರುದಿನ ಶಿವಮೊಗ್ಗ ಕಡೆ ವಾಪಸ್ ಹೊರಟಾಗ ಮಂಡಗದ್ದೆ ಹತ್ತಿರ ಒಂದು ಶೀಟಿನ ಮಾಡು ಕಂಡಿತು, ಬೋರ್ಡೂ ಇಲ್ಲ. ಬಿಸಿ ಕಡುಬು, ಕಾಯಿ ಚಟ್ನಿ, ಮೇಲೆ ತುಪ್ಪ, ಜೊತೆಗೆ ಕೆಸುವಿನ ಪತ್ರೊಡೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಭರಣಿಯಿಂದಲೇ ಬಡಿಸಿದರು, ಅದರ ವಾಸನೆಗೇ ಇನ್ನೆರಡು ಕಡುಬು ಹೋಯಿತು. ಕಾಫಿ ಸೇರಿ ಇಬ್ಬರಿಗೆ 130 ರೂಪಾಯಿ. ಆ ಅಮ್ಮ ಒಂದು ಕಡುಬು ಆರಿಸಿ, ಮುರಿದು ಚಿನ್ನಿಗೂ ಹಾಕಿದರು. ರಾತ್ರಿಯ ಕಥೆ ಹೇಳಿದೆ. "ಗೊತ್ತಿಲ್ಲದ ಜಾಗದಲ್ಲಿ ಒಂದನ್ನೇ ಕಟ್ಟಿ ಹಾಕಿದ್ರೆ ಬೊಗಳದೆ ಇನ್ನೇನು ಮಾಡ್ತದೆ ಮಾರಾಯ್ರೆ? ನಮ್ಮನೇದನ್ನ ಕತ್ತಲಾದ್ಮೇಲೆ ಒಳಗೆ ಹಾಕ್ಕೊಂಡು ಬಾಗಿಲು ಹಾಕೋದೇ" ಅಂದರು. ಕಿವಿಯ ಒಳಗೆ, ಬೆರಳ ಸಂದಿನಲ್ಲಿ ಉಣುಗು ಇದೆಯಾ ನೋಡಿ ಅಂತಲೂ ಹೇಳಿದರು. ನಾಲ್ಕು ಸಿಕ್ಕವು. ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ, 1957ರಲ್ಲಿ ಇದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು. ಬೇಸಿಗೆಯಲ್ಲಿ ಬರುವವರು ನಾಯಿಯನ್ನು ಕಾಡಿಗೆ ಬಿಡಲೇಬೇಡಿ.

ಶಿವಮೊಗ್ಗದಲ್ಲಿ ಸಿಕ್ಕ 900 ರೂಪಾಯಿ ರೂಮಿನ ಕಿಟಕಿ ತೆರೆದರೆ ಎದುರಿಗೆ ಗೋಡೆ. ನನಗೆ ಅದು ಸ್ವರ್ಗ. ಸಂಜೆ ಒಂದು ಗಂಟೆ ಚೆನ್ನಾಗಿ ನಡೆಸಿದೆವು, ಮನೆಯಿಂದ ತಂದ ತೊಳೆಯದ ಹಳೇ ಬೆಡ್‌ಶೀಟನ್ನು ಮಂಚದ ಪಕ್ಕ ಹಾಸಿದೆವು, ಹೊರಗಿನ ಸದ್ದು ಕೇಳದಿರಲಿ ಅಂತ ಫ್ಯಾನ್ ಜೋರಾಗಿ ಇಟ್ಟೆವು. ಮಲಗಿದಳು.

ವಾಪಸ್ ಬರುವಾಗ ನಾಲ್ಕು ಗಂಟೆ ಮುಂಚೆಯೇ ಊಟ ನಿಲ್ಲಿಸಿ ನೀರು ಮಾತ್ರ ಕೊಟ್ಟೆವು, ಪಕ್ಕದ ಗಾಜಿಗೆ ಟವೆಲ್ ಸಿಕ್ಕಿಸಿದೆವು, ಒಂದೂವರೆ ಗಂಟೆಗೊಮ್ಮೆ ಇಳಿಸಿದೆವು. ಕಡೂರಿನ ಹತ್ತಿರ ಒಂದೆರಡು ಸಲ ಕುಂಯ್ ಅಂದಳು, ಅಷ್ಟೇ. ನಾಯಿಗಳ ವಾಂತಿಗೇ ಮರೋಪಿಟೆಂಟ್ ಎಂಬ ಮಾತ್ರೆ ಇದೆ, ಹೊರಡುವ ವಾರ ಮೊದಲೇ ಪಶುವೈದ್ಯರನ್ನು ಕೇಳಿ. ನಮ್ಮ ಮಾತ್ರೆಯನ್ನು ಅರ್ಧ ಮಾಡಿ ಕೊಡುವ ಬುದ್ಧಿ ಬೇಡ.

ಹೋಮ್‌ಸ್ಟೇಯವರಿಗೆ ಫೋನ್ ಮಾಡಿ 800 ವಾಪಸ್ ಕೇಳಿದೆ. "ಹತ್ತರಿಂದ ಎರಡರವರೆಗೆ ಕಂಬಕ್ಕೆ ಕಟ್ಟಿದ್ರಲ್ಲ ಸಾರ್" ಅಂದರು.