ಬೇರಿಯಾಟ್ರಿಕ್ ಸರ್ಜರಿ: ರಕ್ತ ಹೆಪ್ಪುಗಟ್ಟುವ ಅಪಾಯ ಮನೆಗೆ ಹೋದ ಮೇಲೂ ಇರುತ್ತದೆ

ತೂಕ ಇಳಿಸುವ ಸರ್ಜರಿಯ ನಂತರ ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು ಅಪರೂಪ. ಆದರೂ ಈ ಸರ್ಜರಿಯ ನಂತರದ ಸಾವುಗಳಿಗೆ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಹೆಚ್ಚಿನ ಹೆಪ್ಪುಗಳು ಕಾಣಿಸಿಕೊಳ್ಳುವುದು ಡಿಸ್ಚಾರ್ಜ್ ಆದ ಮೇಲೆ, ಕಾಲಿನ ಮೇಲೆ ಯಾರೂ ನಿಗಾ ಇಡದ ದಿನಗಳಲ್ಲಿ.

ತಯಾರಿ ಮೊದಲೇ ಶುರುವಾಗಬೇಕು. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ವಾರ ಮುಂಚೆ ನಿಲ್ಲಿಸಿ, ಬೇರೆ ವಿಧಾನಕ್ಕೆ ಬದಲಾಯಿಸುತ್ತಾರೆ. ಸಿಗರೇಟು ಬಿಡಲೇಬೇಕು.

ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ ಮಾಡುವ ಸರ್ಜರಿಯಲ್ಲಿ, ಹೊಟ್ಟೆಗೆ ಸುಮಾರು 15 ಮಿ.ಮೀ. ಪಾದರಸದ ಒತ್ತಡದಲ್ಲಿ ಗ್ಯಾಸ್ ತುಂಬಿ, ತಲೆಯ ಕಡೆ ಎತ್ತರವಾಗುವಂತೆ ಟೇಬಲ್ ಓರೆ ಮಾಡುತ್ತಾರೆ. ಎರಡೂ ಸೇರಿ ರಕ್ತ ಕಾಲಲ್ಲೇ ನಿಲ್ಲುತ್ತದೆ. ಆದ್ದರಿಂದ ಕಾಲನ್ನು ಬಿಟ್ಟು ಬಿಟ್ಟು ಒತ್ತುವ ಕಂಪ್ರೆಷನ್ ಪಂಪ್ ಅನಸ್ತೇಶಿಯಾ ಕೊಡುವ ಮುಂಚೆಯೇ ಚಾಲೂ ಆಗಿರಬೇಕು. ಎಡವುವುದು ಸಣ್ಣ ವಿಷಯಗಳಲ್ಲೇ: ದಪ್ಪ ಮೀನಖಂಡಕ್ಕೆ ಸಾಧಾರಣ ಸೈಜಿನ ಪಟ್ಟಿ ಸುತ್ತುತ್ತಾರೆ, ಬಾತ್‌ರೂಮಿಗೆಂದು ಬಿಚ್ಚಿದ್ದನ್ನು ಮತ್ತೆ ಹಾಕುವುದಿಲ್ಲ. ಅದೇ ದಿನ ಕೆಲವು ಗಂಟೆಗಳಲ್ಲೇ ರೋಗಿಯನ್ನು ಎಬ್ಬಿಸಿ ನಡೆಸಬೇಕು. ಕುರ್ಚಿಯಲ್ಲಿ ಕೂರಿಸಿದರೆ ನಡೆಸಿದಂತಲ್ಲ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎನೋಕ್ಸಾಪರಿನ್ ಇಂಜೆಕ್ಷನ್ನಿನ ದಿನಕ್ಕೊಮ್ಮೆ 40 ಮಿ.ಗ್ರಾಂ. ಎಂಬ ಮಾಮೂಲಿ ಡೋಸ್ ಇವರಿಗೆ ಸಾಲದೆ ಹೋಗಬಹುದು. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 40 ದಾಟಿದವರಿಗೆ 12 ಗಂಟೆಗೊಮ್ಮೆ 40, 50 ದಾಟಿದವರಿಗೆ 60 ಮಿ.ಗ್ರಾಂ. ಕೊಡುವ ಕಡೆಗಳಿವೆ. ಕಿಡ್ನಿ ದುರ್ಬಲವಾಗಿದ್ದರೆ ಡೋಸ್ ಇಳಿಸಬೇಕು. ಇನ್ನೊಂದು ಮಗ್ಗುಲಲ್ಲಿ ಜಠರ ಕತ್ತರಿಸಿ ಸ್ಟೇಪಲ್ ಹಾಕಿದ ಗೆರೆಯಿಂದ ರಕ್ತಸ್ರಾವದ ಭಯ. ನಾಡಿಬಡಿತ ಇಳಿಯದೆ, ಹಿಮೋಗ್ಲೋಬಿನ್ ಕುಸಿಯುತ್ತಿದ್ದರೆ ಮುಂದಿನ ಡೋಸ್ ತಡೆದು ಸರ್ಜನ್ನರನ್ನು ಕರೆಯಿರಿ.

ಹಿಂದೆ ಹೆಪ್ಪುಗಟ್ಟಿದ್ದವರು, ಮರುಸರ್ಜರಿ ಆದವರು, ಬಿಎಂಐ ತೀರಾ ಹೆಚ್ಚಿರುವವರು, ಇಂಥವರಿಗೆ ಮನೆಯಲ್ಲೂ ಎರಡರಿಂದ ನಾಲ್ಕು ವಾರ ಇಂಜೆಕ್ಷನ್ ಮುಂದುವರಿಯುವುದುಂಟು. ಹೊಕ್ಕುಳಿನಿಂದ 5 ಸೆಂ.ಮೀ. ದೂರ, ಗಾಯಗಳನ್ನು ತಪ್ಪಿಸಿ, ಚರ್ಮ ಹಿಡಿದೆತ್ತಿ ಸೂಜಿಯನ್ನು ನೇರವಾಗಿ ಚುಚ್ಚಿ. ಪೂರ್ತಿ ಡೋಸ್ ತುಂಬಿಯೇ ಬರುವ ಸಿರಿಂಜಿನ ಗಾಳಿಗುಳ್ಳೆ ತೆಗೆಯಬೇಡಿ, ಔಷಧಿಯೂ ಹೊರಹೋಗುತ್ತದೆ. ಚುಚ್ಚಿದ ಜಾಗ ಉಜ್ಜಿದರೆ ನೀಲಿಗಟ್ಟುತ್ತದೆ. ಇದರ ಬದಲು ಮಾತ್ರೆ ಸಾಕೆಂದು ನೀವೇ ತೀರ್ಮಾನಿಸಬೇಡಿ. ಬೈಪಾಸ್ (ಆಹಾರದ ದಾರಿ ಬದಲಿಸುವ ಸರ್ಜರಿ) ಆದ ಹೊಟ್ಟೆ ಮಾತ್ರೆಯನ್ನು ಮೊದಲಿನಂತೆ ಹೀರಿಕೊಳ್ಳದಿರಬಹುದು.

ಒಂದೇ ಕಾಲು ಊದಿಕೊಂಡರೆ, ಉಸಿರಾಡುವಾಗ ಎದೆ ಚುಚ್ಚಿದರೆ, ಇದ್ದಕ್ಕಿದ್ದಂತೆ ಏದುಸಿರು ಬಂದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ಸ್ಲೀವ್ (ಜಠರವನ್ನು ಕತ್ತರಿಸಿ ಕಿರಿದಾಗಿಸುವ ಸರ್ಜರಿ) ಆದವರಲ್ಲಿ ಲಿವರಿಗೆ ಹೋಗುವ ಪೋರ್ಟಲ್ ರಕ್ತನಾಳದಲ್ಲೂ ಹೆಪ್ಪು ಕಟ್ಟಬಹುದು. ದೇಹದಲ್ಲಿ ನೀರು ಕಡಿಮೆಯಾದರೆ ಅಪಾಯ ಹೆಚ್ಚು. ಈ ಹೆಪ್ಪಿನಲ್ಲಿ ಕಾಲು ಸರಿಯಾಗಿಯೇ ಇರುತ್ತದೆ, ನೋಯುವುದು ಹೊಟ್ಟೆ. ಗ್ಯಾಸೆಂದು ದಿನ ದೂಡದೆ ಕಾಂಟ್ರಾಸ್ಟ್ (ರಕ್ತನಾಳ ಕಾಣಿಸುವ ದ್ರವ ಚುಚ್ಚಿ ಮಾಡುವ) ಸಿ.ಟಿ. ಸ್ಕ್ಯಾನ್ ಬೇಕೇ ಎಂದು ಕೇಳಿ. ಕಾಲಿನ ಅಲ್ಟ್ರಾಸೌಂಡಿನಲ್ಲಿ ಇದು ಕಾಣುವುದಿಲ್ಲ.