ಹನ್ನೊಂದು ವರ್ಷ ಎಲ್ಲಿದ್ದೆ ಎಂದು ಅವಳು ಕೇಳಲೇ ಇಲ್ಲ

ನಿನ್ನೆ ರಾತ್ರಿ ಒಂದೂವರೆಗೆ ಕಾದಂಬರಿಯೊಂದನ್ನು ಮುಗಿಸಿ ದೀಪ ಆರಿಸಿದೆ. ನಿದ್ದೆ ಹತ್ತಲಿಲ್ಲ. ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. ಮೊದಲ ಅರವತ್ತು ಪುಟಗಳಲ್ಲಿ ಅದು ನನ್ನನ್ನು ಪೂರ್ತಿ ಗೆದ್ದುಕೊಂಡಿತ್ತಲ್ಲ, ಅದಕ್ಕೆ.

ಒಮ್ಮೆ ಮುರಿದ ಪ್ರೀತಿ ವರ್ಷಗಳ ಮೇಲೆ ಮತ್ತೆ ಕೂಡುವ ಕಥೆಗಳೆಂದರೆ ನನಗೆ ಪ್ರಾಣ. ಇದೂ ಅಂಥದ್ದೇ. ನಾಯಕಿ ಹಳೆಯ ಪುಸ್ತಕಗಳಿಗೆ ಬೈಂಡಿಂಗ್ ಮಾಡುವವಳು. ಮೂರನೆಯ ಅಧ್ಯಾಯದಲ್ಲಿ, ಯಾರೋ ಹುಡುಗನ ಕೈಯಲ್ಲಿ ಕೊಟ್ಟು ಕಳುಹಿಸಿದ ದಿನಚರಿಯೊಂದು ಅವಳ ಮೇಜಿಗೆ ಬರುತ್ತದೆ. ರಟ್ಟು ಕಿತ್ತುಬಂದಿದೆ, ಹೊಲಿಗೆ ಸಡಿಲವಾಗಿದೆ. ಅವಳು ಹಳೆಯ ದಾರವನ್ನು ಒಂದೊಂದೇ ಎಳೆಯಾಗಿ ಕತ್ತರಿಸಿ ತೆಗೆಯುತ್ತಾಳೆ, ಒಣಗಿದ ಅಂಟನ್ನು ಚಾಕುವಿನ ಹಿಂಬದಿಯಿಂದ ಕೆರೆಯುತ್ತಾಳೆ. ಕೆರೆಯುತ್ತಿರುವಾಗ ಪುಟದ ಅಂಚಿನಲ್ಲಿ, ಬಾಲವನ್ನು ಉದ್ದಕ್ಕೆ ಎಳೆದ ಒಂದು ‘ಳ’ ಕಣ್ಣಿಗೆ ಬೀಳುತ್ತದೆ. ಹನ್ನೊಂದು ವರ್ಷಗಳಿಂದ ನೋಡದ ಅಕ್ಷರ. ಅವಳು ಮುಂದೆ ಓದುವುದಿಲ್ಲ. ಪುಟಗಳನ್ನು ತಲೆಕೆಳಗಾಗಿ ತಿರುಗಿಸಿಕೊಂಡು, ಒಂದು ಶಬ್ದವನ್ನೂ ಓದದೆ ಹೊಲಿದು ಮುಗಿಸುತ್ತಾಳೆ.

ಆ ಪುಟ ಓದಿದ ಮೇಲೆ ಪುಸ್ತಕವನ್ನು ಎದೆಯ ಮೇಲೆ ಮಗುಚಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಮಲಗಿದ್ದೆ. ಇಂಥದ್ದನ್ನು ಬರೆಯಬಲ್ಲ ಲೇಖಕರು ಮುಂದೆ ಕೈಬಿಡಲಾರರು ಎಂದುಕೊಂಡಿದ್ದೆ.

ಅಲ್ಲಿಂದ ಮುಂದಕ್ಕೆ ಕಥೆ ಜಾರತೊಡಗಿತು. ದಿನಚರಿ ಬರೆದವನು, ಅವಳ ಹಳೆಯ ಪ್ರೇಮಿ, ಅಂದು ಬಿಟ್ಟುಹೋದದ್ದೇಕೆ? ಅವನು ಬರೆದ ಕಾಗದವನ್ನು ಅವಳ ತಾಯಿ ಬಚ್ಚಿಟ್ಟಿದ್ದರಂತೆ. ತಾಯಿ ಈಗ ಬದುಕಿಲ್ಲ. ಕಾಗದ ಹಳೆಯ ಪೆಟ್ಟಿಗೆಯಲ್ಲಿ ಸಿಗುತ್ತದೆ, ಅವಳು ಅಳುತ್ತಾಳೆ, ಅಷ್ಟರಲ್ಲಿ ಅವನಿಗೆ ಅಪಘಾತ, ಆಸ್ಪತ್ರೆಯಲ್ಲಿ ಕೈ ಹಿಡಿಯುತ್ತಾಳೆ, ಮುಗಿಯಿತು. ಉತ್ತರ ಬಾರದಿದ್ದಾಗ ಇನ್ನೊಂದು ಕಾಗದ ಏಕೆ ಬರೆಯಲಿಲ್ಲ? ಒಂದೇ ಒಂದು ಸಲ ಬಂದು ಬಾಗಿಲು ಏಕೆ ತಟ್ಟಲಿಲ್ಲ? ಈ ಪ್ರಶ್ನೆ ಅವಳ ಬಾಯಿಂದ ಬರುವುದೇ ಇಲ್ಲ. ತಪ್ಪನ್ನೆಲ್ಲ ಸತ್ತವರ ತಲೆಗೆ ಕಟ್ಟಿ, ಬದುಕಿರುವ ಇಬ್ಬರನ್ನೂ ಲೇಖಕರು ಪಾರು ಮಾಡಿದ್ದಾರೆ. ಯಾರದೂ ತಪ್ಪಿಲ್ಲವೆಂದ ಮೇಲೆ ಅವಳು ಕ್ಷಮಿಸಿದ್ದಾದರೂ ಏನನ್ನು? ಹಳೆಯ ದಾರವನ್ನು ಪೂರ್ತಿ ಕೀಳದೆ ಹೊಸ ಹೊಲಿಗೆ ಹಾಕಲಾಗದು ಎಂದು ಮೂರನೆಯ ಅಧ್ಯಾಯದಲ್ಲಿ ಅಷ್ಟು ಚೆನ್ನಾಗಿ ತಿಳಿದಿದ್ದವರು ಕೊನೆಯಲ್ಲಿ ಮೇಲಿಂದ ಮೇಲೆ ಅಂಟು ಬಳಿದುಬಿಟ್ಟರು.

ಶಕುಂತಲೆಯ ಕಥೆ ನೆನಪಾಯಿತು. ಮಹಾಭಾರತದ ಆದಿಪರ್ವದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ದುಷ್ಯಂತನಿಗೆ ಎಲ್ಲ ನೆನಪಿದೆ. ನೆನಪಿದ್ದೂ ತುಂಬಿದ ಸಭೆಯಲ್ಲಿ ಇಲ್ಲವೆನ್ನುತ್ತಾನೆ, ಶಕುಂತಲೆ ಮಗನನ್ನು ಪಕ್ಕದಲ್ಲಿಟ್ಟುಕೊಂಡು ಅವನೆದುರು ನಿಂತು ವಾದಿಸುತ್ತಾಳೆ. ಕಾಳಿದಾಸ ದೂರ್ವಾಸರ ಶಾಪವನ್ನು ತಂದು ರಾಜನ ಭಾರ ಇಳಿಸಿದ, ನಿಜ. ಆದರೆ ಏಳನೆಯ ಅಂಕವನ್ನು ನಿಧಾನವಾಗಿ ಓದಿ. ಶಾಪದ ವಿಷಯ ಅವರಿಗೆ ತಿಳಿಯುವುದು ಮಾರೀಚ ಮುನಿಗಳು ಹೇಳಿದಾಗ. ಅದಕ್ಕೂ ಮೊದಲೇ ದುಷ್ಯಂತ ಅವಳ ಕಾಲಿಗೆ ಬಿದ್ದಾಗಿದೆ. ಅಂದು ಕಂಡೂ ಕಾಣದಂತೆ ಬಿಟ್ಟ ಕಣ್ಣೀರನ್ನು ಇಂದು ಅವಳ ರೆಪ್ಪೆಯಿಂದ ತಾನೇ ಒರೆಸಿದ್ದಾಗಿದೆ. ನೆಪ ಕೈಗೆ ಸಿಗುವ ಮೊದಲೇ ತಪ್ಪು ತನ್ನದೆಂದು ಬಾಗಿದವನು ಅವನು.

ಜೇನ್ ಆಸ್ಟಿನ್ ಅವರ ‘ಪರ್ಸುಯೇಷನ್’ನಲ್ಲಿಯೂ ಸಂಬಂಧ ಮುರಿಯುವುದು ಮೂರನೆಯವರ ಮಾತಿನಿಂದಲೇ. ಹತ್ತೊಂಬತ್ತರ ಆನ್, ತಾಯಿಯ ಸ್ಥಾನದಲ್ಲಿದ್ದ ಲೇಡಿ ರಸೆಲ್ ಮಾತಿಗೆ ಕಟ್ಟುಬಿದ್ದು ವೆಂಟ್‌ವರ್ತ್‌ನನ್ನು ಬಿಡುತ್ತಾಳೆ. ಎಂಟು ವರ್ಷಗಳ ಮೇಲೆ ಇಬ್ಬರೂ ಕೂಡಿದಾಗ ಅವನು ಕೇಳುತ್ತಾನೆ: ಎರಡೇ ವರ್ಷಕ್ಕೆ ಕೈಯಲ್ಲಿ ಹಣವೂ ಹಡಗೂ ಬಂದಿದ್ದವು, ಆಗ ನಾನು ಬರೆದಿದ್ದರೆ ಒಪ್ಪುತ್ತಿದ್ದೆಯಾ? ಒಪ್ಪುತ್ತಿದ್ದಳು. ಉಳಿದ ಆರು ವರ್ಷಗಳನ್ನು ಹಾಳುಮಾಡಿದ್ದು ತನ್ನದೇ ಹಮ್ಮು ಎಂದು ಅವನು ಬಾಯಿಬಿಟ್ಟು ಹೇಳುತ್ತಾನೆ. ಆಸ್ಟಿನ್ ಈ ಕಾದಂಬರಿಯನ್ನು 1816ರ ಜುಲೈನಲ್ಲಿ ಮುಗಿಸಿದ್ದರು. ಕೊನೆ ಮನಸ್ಸಿಗೆ ಒಪ್ಪದೆ ಮತ್ತೆ ಬರೆದರು. ಮೊದಲಿನ ಆ ಅಧ್ಯಾಯಗಳ ಹಸ್ತಪ್ರತಿ ಇಂದಿಗೂ ಉಳಿದಿದೆ. ಮರುವರ್ಷವೇ ಅವರು ತೀರಿಕೊಂಡರು. ಮೈಯಲ್ಲಿ ಹುಷಾರಿಲ್ಲದ ದಿನಗಳಲ್ಲಿ ಕೊನೆಗಾಗಿ ಅಷ್ಟು ಪಾಡುಪಟ್ಟವರನ್ನು ನೆನೆದರೆ ಈ ಆಸ್ಪತ್ರೆಯ ದೃಶ್ಯ ಇನ್ನಷ್ಟು ನೋಯಿಸುತ್ತದೆ.

ನಾನು ಇದನ್ನು ಇಷ್ಟು ಹಚ್ಚಿಕೊಳ್ಳುವುದಕ್ಕೆ ಕಾರಣವಿದೆ. ನಾನೂ ನನ್ನ ಗಂಡನೂ ಮೂರು ವರ್ಷ ಬೇರೆ ಬೇರೆ ಇದ್ದು ಮತ್ತೆ ಒಂದಾದವರು. ಅವರು ಮರಳಿ ಬಂದ ದಿನ ಒಂದು ಸೂಟ್‌ಕೇಸ್ ತಂದಿದ್ದರು. ಬಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸಲಿಲ್ಲ. ಬೇಕಾದಾಗ ಅದನ್ನು ಮಂಚದ ಕೆಳಗಿನಿಂದ ಎಳೆದು, ಒಂದು ಅಂಗಿ ತೆಗೆದುಕೊಂಡು, ಮತ್ತೆ ಒಳಕ್ಕೆ ತಳ್ಳುತ್ತಿದ್ದರು. ಕಪಾಟಿನಲ್ಲಿ ಇಟ್ಟುಕೊಳ್ಳಿ ಎಂದು ನಾನೂ ಹೇಳಲಿಲ್ಲ. ಅಲ್ಲಿ ನಾನು ಜಾಗ ಮಾಡಿರಲಿಲ್ಲ. ಅವರು ಹೊರಗೆ ಹೊರಟಾಗಲೆಲ್ಲ ‘ಎಲ್ಲಿಗೆ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಇಬ್ಬರೂ ಎಷ್ಟು ಮೆಲ್ಲಗೆ, ಎಷ್ಟು ಮರ್ಯಾದೆಯಿಂದ ಮಾತನಾಡುತ್ತಿದ್ದೆವೆಂದರೆ, ಮನೆಗೆ ಯಾರೋ ನೆಂಟರು ಬಂದಂತಿತ್ತು. ಆರನೆಯ ತಿಂಗಳಲ್ಲಿ ಒಂದು ರಾತ್ರಿ ಜಗಳವಾಯಿತು. ಮೂರು ವರ್ಷಗಳ ಹಿಂದೆಯೇ ಆಡಬೇಕಾಗಿದ್ದ ಜಗಳ. ನಾನು ಕೇಳಿದೆ, ಅವರು ಹೇಳಿದರು. ಅವರು ಕೇಳಿದರು, ನಾನೂ ಹೇಳಬೇಕಾಯಿತು. ನನ್ನ ಪಾಲಿನದು ಹೇಳುವುದು ಹೆಚ್ಚು ಕಷ್ಟವಾಯಿತು. ಅದಾಗಿ ಎಷ್ಟೋ ದಿನಗಳ ಮೇಲೆ ಕಸ ಗುಡಿಸುತ್ತಿದ್ದಾಗ ಪೊರಕೆ ಮಂಚದ ಕೆಳಗೆ ಎಲ್ಲೂ ತಡೆಯದೆ ಗೋಡೆಯವರೆಗೂ ಹೋಯಿತು.

ಆ ಒಂದು ರಾತ್ರಿಯನ್ನು ಈ ಕಾದಂಬರಿ ತನ್ನ ಇಬ್ಬರಿಗೆ ಕೊಡಲಿಲ್ಲ. ಕೊಡಲು ಸಾಮಗ್ರಿ ಇತ್ತು. ದಿನಚರಿ ಇತ್ತಲ್ಲ, ಅವಳೇ ಹೊಲಿದದ್ದು, ಅವನ ಹನ್ನೊಂದು ವರ್ಷಗಳೆಲ್ಲ ಅದರೊಳಗೇ ಇದ್ದಿರಬೇಕು. ಬೆಳಿಗ್ಗೆ ಎದ್ದು ಪುಟ ತಿರುವಿ ಹುಡುಕಿದೆ. ಒಂದೇ ಕಡೆ, ಕೊನೆಯ ಅಧ್ಯಾಯಕ್ಕೆ ಮೊದಲು, ಅವನ ಕೋಣೆಯ ಕಿಟಕಿಯ ಪಕ್ಕದಲ್ಲಿ ಇದೆ ಎಂದು ಬರುತ್ತದೆ. ಅವಳು ಅದರ ಮೇಲೆ ತನ್ನ ಕೈಚೀಲ ಇಡುತ್ತಾಳೆ.