ಕಡಂಬುಟ್ಟು, ಬಿದಿರು ಎರಡೂ ಗ್ಲೂಕೋಸೇ

ಭಾನುವಾರ ಮಡಿಕೇರೀಲಿ ಬೆಳಗ್ಗಿಂದ ಬಿಡದೆ ಮಳೆ, ಕರೆಂಟೂ ಇಲ್ಲ, ಮಧ್ಯಾಹ್ನಕ್ಕೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಕಣಿಲೆ (ಎಳೆ ಬಿದಿರು) ಸಾರು. ಅಕ್ಕನ ಮಗಳಿಗೆ ಪಿಯುಸಿ ಟೆಸ್ಟು, ಬುಕ್ ಹಿಡ್ಕೊಂಡೇ ಊಟಕ್ಕೆ ಕೂತವಳು "ಮಾಮ, ಅಕ್ಕೀಲಿರೋ ಸ್ಟಾರ್ಚೂ ಗ್ಲೂಕೋಸು, ಬಿದಿರಲ್ಲಿರೋ ಸೆಲ್ಯುಲೋಸೂ ಗ್ಲೂಕೋಸು, ಮತ್ಯಾಕೆ ಅಕ್ಕಿ ಜೀರ್ಣ ಆಗತ್ತೆ ಬಿದಿರು ಆಗಲ್ಲ?" ಅಂದ್ಲು. ನಂಗೆ ಖುಷಿಯಾಗೋಯ್ತು, ತಟ್ಟೆ ಪಕ್ಕದಲ್ಲೇ ಪೇಪರ್ ಇಟ್ಕೊಂಡು ಶುರು ಮಾಡ್ದೆ.

ಗ್ಲೂಕೋಸಲ್ಲಿ 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್. ಫ್ರಕ್ಟೋಸಲ್ಲೂ ಅಷ್ಟೇ. ಎರಡೂ ಸೇರಿ ನಮ್ಮ ಮಾಮೂಲಿ ಸಕ್ಕರೆ ಆದಾಗ 12, 24, 12 ಇರಬೇಕಲ್ವಾ, ಆದ್ರೆ ಇರೋದು 12, 22, 11. ಕಮ್ಮಿ ಆಗಿದ್ದೇನು ಅಂತ ಅವಳನ್ನೇ ಕೇಳ್ದೆ, ಲೆಕ್ಕ ಹಾಕಿ "ನೀರು!" ಅಂದ್ಲು. ಹೌದು, ಒಂದು ನೀರಿನ ಅಣು ಹೊರಗೆ ಹೋಗತ್ತೆ, ಉಳಿದ ಆಕ್ಸಿಜನ್ ಎರಡರ ಮಧ್ಯೆ ಸೇತುವೆ ಥರ ನಿಲ್ಲತ್ತೆ, ಅದೇ ಗ್ಲೈಕೋಸಿಡಿಕ್ ಬಾಂಡ್. ಹಿಂಗೇ ನೂರಾರು, ಸಾವಿರಾರು ಗ್ಲೂಕೋಸ್ ಪೋಣಿಸ್ಕೊಂಡು ಹೋದ್ರೆ ಸ್ಟಾರ್ಚ್, ಸೆಲ್ಯುಲೋಸ್.

ವ್ಯತ್ಯಾಸ ಇರೋದು ಆ ಸೇತುವೆ ಯಾವ ಕಡೆಗೆ ತಿರುಗಿದೆ ಅನ್ನೋದ್ರಲ್ಲಿ. ಅಕ್ಕೀಲಿ ಆಲ್ಫಾ ಬಾಂಡು, ಸರಪಳಿ ಸ್ಪ್ರಿಂಗ್ ಥರ ಸುತ್ಕೊಳತ್ತೆ, ಅಲ್ಲಲ್ಲಿ ಕವಲೂ ಒಡೆಯತ್ತೆ. ಬಿದಿರಲ್ಲಿ ಬೀಟಾ, ಒಂದು ಬಿಟ್ಟು ಒಂದು ಗ್ಲೂಕೋಸ್ ಮಗುಚಿ ಕೂತಿರತ್ತೆ, ಹಾಗಾಗಿ ಸರಪಳಿ ನೆಟ್ಟಗೆ ಹೋಗಿ ಪಕ್ಕದ ಸರಪಳಿಗಳ ಜೊತೆ ಹೈಡ್ರೋಜನ್ ಬಾಂಡಿಂದ ಒತ್ತಾಗಿ ಹೆಣ್ಕೊಂಡು ನಾರಾಗತ್ತೆ (ಬಲಿತ ಬಿದಿರಿನ ಗಟ್ಟಿತನಕ್ಕೆ ಲಿಗ್ನಿನ್ ಅನ್ನೋ ಇನ್ನೊಂದು ವಸ್ತೂನೂ ಕಾರಣ, ಅದು ಬೇರೆ ವಿಷಯ). ನಮ್ಮ ಎಂಜಲಿನ ಅಮೈಲೇಸ್ ಅನ್ನೋ ಕಿಣ್ವ ಆಲ್ಫಾನ ಮಾತ್ರ ನೀರು ಸೇರಿಸಿ ಕತ್ತರಿಸತ್ತೆ, ಬೀಟಾ ಅದರ ಕೈಗೆ ಸಿಗಲ್ಲ. ಹಸು ಬಿದಿರೆಲೆ ತಿಂದು ಬದುಕೋದು ಹೊಟ್ಟೇಲಿರೋ ಸೂಕ್ಷ್ಮಜೀವಿಗಳ ದಯೆಯಿಂದ. ಕಣಿಲೆ ಎಳೇದು ಅಂತ ನಾವು ತಿಂತೀವಿ, ಆದ್ರೂ ಅದರ ನಾರು ಬಹುಪಾಲು ಹಾಗೇ ಹೊರಗೆ ಹೋಗತ್ತೆ.

ಕಣಿಲೆ ವಿಷಯದಲ್ಲಿ ಇನ್ನೊಂದು ಹೇಳ್ಲೇಬೇಕು, ಅದರ ವಿಷಾನೂ ಗ್ಲೂಕೋಸಿಗೆ ಅಂಟ್ಕೊಂಡೇ ಇರತ್ತೆ, ಕತ್ತರಿಸಿದ ತಕ್ಷಣ ಆ ಬಾಂಡ್ ಒಡೆದು ಕೊನೆಗೆ ಸಯನೈಡ್ ಬಿಡುಗಡೆ ಆಗತ್ತೆ. ಅಮ್ಮ ಕಣಿಲೆ ಹೆಚ್ಚಿ, ನೀರು ಬದಲಾಯಿಸ್ತಾ ದಿನಗಟ್ಟಲೆ ನೆನೆಸಿಟ್ಟು ಆಮೇಲೆ ಚೆನ್ನಾಗಿ ಬೇಯಿಸೋದು ಇದಕ್ಕೇ.

ಕಡಂಬುಟ್ಟು ಒಂದು ತುಂಡು ಸಾರಿಲ್ಲದೆ ಬಾಯಲ್ಲಿಟ್ಟು ನಿಧಾನಕ್ಕೆ ಅಗಿ ಅಂದೆ. ಸ್ವಲ್ಪ ಹೊತ್ತು ಅಗಿದು ಕಣ್ಣರಳಿಸಿದ್ಲು, "ಸಿಹಿ ಆಯ್ತು ಮಾಮ."